ಅಪ್‌ಡೇಟ್: ಆ ಕೆಂಪು ಎಂಎಕ್ಸ್-5 ತಗೊಳ್ಳಲಿಲ್ಲ

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ಇಲ್ಲಿ ಇಂಗ್ಲೆಂಡಿನಲ್ಲಿ 1991ರ ಮಾಜ್ದಾ ಎಂಎಕ್ಸ್-5 (ಬಟ್ಟೆಯ ಟಾಪ್ ಮಡಚುವ ಎರಡು ಸೀಟಿನ ಕಾರು) ಮಾರಾಟಕ್ಕಿದೆ, ಏನೇನು ನೋಡಬೇಕು ಅಂತ. ನೋಡಿ ಬಂದೆ. ಬಿಟ್ಟೆ.

ಕೈ ಹಿಡಿದದ್ದು ನೀವು ಕೊಟ್ಟ ಆಯಸ್ಕಾಂತದ ಸಲಹೆ: ಕಬ್ಬಿಣ ಇದ್ದರೆ ಅಂಟುತ್ತದೆ, ಇಲ್ಲದಿದ್ದರೆ ಇಲ್ಲ. ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಸಿಲ್ ಮೇಲೆ, ತೆಳು ಬಟ್ಟೆ ಸುತ್ತಿದ ಫ್ರಿಜ್ ಮ್ಯಾಗ್ನೆಟ್ ಇಟ್ಟೆ. ಅಂಗೈ ಅಗಲದಷ್ಟು ಜಾಗದಲ್ಲಿ ಅಂಟಲೇ ಇಲ್ಲ, ಜಾರಿ ಕೆಳಗೆ ಬಿತ್ತು. ಒಳಗೆಲ್ಲ ಫಿಲ್ಲರ್, ಅಂದರೆ ತುಕ್ಕು ತಿಂದ ಜಾಗ ಮುಚ್ಚಲು ಮೆತ್ತುವ ಪೇಸ್ಟ್! ಮೇಲೆ ಮಾತ್ರ ಮದುಮಗಳ ಹಾಗೆ ಮಿಂಚುವ ಪೇಂಟ್.

ಗೊತ್ತಿಲ್ಲದ ವಿಷಯ ಒಂದಿತ್ತು. ಬಟ್ಟೆಯ ಟಾಪ್‌ನ ನೀರು ಹೋಗುವ ಎರಡು ತೂತುಗಳು ಸೀಟಿನ ಹಿಂದಿವೆ. ಎಲೆ, ಕಸ ಕಟ್ಟಿಕೊಂಡರೆ ನೀರು ಸಿಲ್‌ಗೆ ಇಳಿದು ಒಳಗಿನಿಂದಲೇ ತುಕ್ಕು ಶುರು. ಇದರಲ್ಲಿ ಎರಡೂ ಕಟ್ಟಿದ್ದವು.

ಎಂಓಟಿ (ಇಲ್ಲಿ ಕಾರಿಗೆ ವರ್ಷಕ್ಕೊಮ್ಮೆ ಮಾಡಿಸುವ ಕಡ್ಡಾಯ ತಪಾಸಣೆ) ಇತಿಹಾಸ ನೋಡಿ ಅಂದವರಿಗೂ ಥ್ಯಾಂಕ್ಸ್. ಸರ್ಕಾರಿ ಸೈಟ್‌ನಲ್ಲಿ ಕಾರಿನ ನಂಬರ್ ಹಾಕಿದರೆ ಸಾಕು, ಪುಕ್ಕಟೆ. ಎರಡು ವರ್ಷದ ಹಿಂದೆಯೇ ಸಿಲ್ ತುಕ್ಕಿನ ಎಚ್ಚರಿಕೆ ಬರೆದಿದ್ದರು. ಮಾರುವವರು ಬಾಯೇ ಬಿಟ್ಟಿರಲಿಲ್ಲ, ಅಲ್ವಾ!

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸಿ ಸದ್ದು ಕೇಳುವುದು ಆಗಲಿಲ್ಲ; ಬಿಸಿಯಾದ ಮೇಲೆ ಕೆಲವು ದೋಷದ ಸದ್ದು ಅಡಗಿಬಿಡುತ್ತವೆ. ನಾನು ಹೋಗುವಷ್ಟರಲ್ಲಿ ಬಾನೆಟ್ ಬಿಸಿ ದೋಸೆಕಲ್ಲು. ಶನಿವಾರ ಇನ್ನೊಂದು ನೋಡುತ್ತಿದ್ದೇನೆ, ನಾನು ಬರುವವರೆಗೆ ಕೀ ತಿರುಗಿಸಬೇಡಿ ಅಂತ ಮೊದಲೇ ಹೇಳಿದ್ದೇನೆ.