ಬಾಡಿಗೆ ಕಂತಿಗಿಂತ ಜಾಸ್ತಿ ಇದೆ, ಆದರೂ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ, ಯಾಕೆ?

ಹೊಸ_ಓನರ್:
ಎಲ್ಲರಿಗೂ ನಮಸ್ಕಾರ. ಸಾಲ ಮಾಡಿ ಒಂದು ಮನೆ ತಗೊಂಡು ಬಾಡಿಗೆಗೆ ಕೊಟ್ಟಿದ್ದೇನೆ. ಬಾಡಿಗೆ 100 ಅಂತ ಇಟ್ಟುಕೊಂಡರೆ ಇಎಂಐ, ಅಂದರೆ ತಿಂಗಳ ಕಂತು, 80 ಹೋಗುತ್ತದೆ. ತಿಂಗಳಿಗೆ 20 ಉಳಿಯಬೇಕು, ಅಲ್ವಾ? ವರ್ಷದ ಕೊನೆಗೆ ನೋಡಿದರೆ ಉಳಿಯುವುದಿರಲಿ, ಸಂಬಳದಿಂದಲೇ ಅಷ್ಟಿಷ್ಟು ಹಾಕಿರುತ್ತೇನೆ. ಈಗ ಬ್ಯಾಂಕಿನವರು ಇದೇ ಮನೆ ಮೇಲೆ ಟಾಪ್-ಅಪ್ ಸಾಲ, ಅಂದರೆ ಈಗಿನ ಸಾಲದ ಮೇಲೆ ಇನ್ನಷ್ಟು ಸಾಲ, ಕೊಡುತ್ತೇವೆ ಅನ್ನುತ್ತಿದ್ದಾರೆ. ಅದನ್ನೇ ಡೌನ್ ಪೇಮೆಂಟ್‌ಗೆ ಹಾಕಿ ಎರಡನೇ ಮನೆ ತಗೊಂಡರೆ, ಎರಡು ಬಾಡಿಗೆ ಸೇರಿ ಸರಿಹೋಗಬಹುದಾ?

ಲೆಕ್ಕದ_ಪುಸ್ತಕ:
ತಿಂಗಳ ಲೆಕ್ಕ ಬಿಡಿ, ವರ್ಷದ್ದು ಹಾಕಿ. ಬಾಡಿಗೆ 1200, ಕಂತು 960, ಉಳಿಕೆ 240. ಮನೆ ಒಂದೇ ಒಂದು ತಿಂಗಳು ಖಾಲಿ ಇದ್ದರೆ ಅದು 140ಕ್ಕೆ ಇಳಿಯಿತು. ತೆರಿಗೆ, ವಿಮೆ, ಮೇಂಟೆನೆನ್ಸ್, ಬ್ರೋಕರ್ ಕಮಿಷನ್ ಎಲ್ಲಾ ಈ 140ರಲ್ಲೇ ಆಗಬೇಕು. ಮೇಲಿಂದ ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಬಾಗಿಲು ತೆಗೆದು ನೋಡಿದರೆ ಸಿಂಕ್ ಕೆಳಗಿನ ಪ್ಲೈವುಡ್ ನೀರು ಕುಡಿದು ಉಬ್ಬಿರುತ್ತದೆ, ಫ್ಲಶ್ ಟ್ಯಾಂಕ್ ಸೋರುತ್ತಿರುತ್ತದೆ, ಗೋಡೆ ತುಂಬಾ ಮೊಳೆ ತೂತು. ಬಾಡಿಗೆ ಬರದ ತಿಂಗಳಲ್ಲೇ ಪೇಂಟಿಂಗ್ ಖರ್ಚೂ ಬರುವುದು. ಖರ್ಚು ಯಾವತ್ತೂ ಒಬ್ಬಂಟಿಯಾಗಿ ಬರಲ್ಲ ಬಿಡಿ.

ಬಡ್ಡಿ_ಚಕ್ರ:
ಸಾಲದ ಕಡೆಯೂ ಸ್ವಲ್ಪ ನೋಡಿ. 20 ವರ್ಷಕ್ಕೆ ಶೇ 9ರಂತೆ 1 ಲಕ್ಷ ಸಾಲಕ್ಕೆ ಕಂತು ಸುಮಾರು 900. ಮೊದಲ ತಿಂಗಳು ಅದರಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ 150 ಅಷ್ಟೇ. ಅರ್ಧ ಅಸಲು ತೀರುವ ಹೊತ್ತಿಗೆ 14 ವರ್ಷ ಆಗಿರುತ್ತದೆ. ನಿಮ್ಮದು ಫ್ಲೋಟಿಂಗ್ (ಆಗಾಗ ಏರಿಳಿಯುವ) ಬಡ್ಡಿ ಆಗಿದ್ದು, ಶುರುವಿನಲ್ಲೇ ಶೇ 10 ಆದರೆ ಕಂತು 965 ಆಗುತ್ತದೆ. ಕಂತು ಏರಿಸದೆ ಅವಧಿ ಎಳೆಯುವ ಬ್ಯಾಂಕುಗಳೂ ಇವೆ, ಆಗ 20 ವರ್ಷದ ಸಾಲ 26 ವರ್ಷ ದಾಟುತ್ತದೆ. ಕಂತು ಅಷ್ಟೇ ಇದೆಯಲ್ಲ ಅಂತ ಸುಮ್ನೆ ಇರುತ್ತೇವೆ. ವರ್ಷಕ್ಕೊಮ್ಮೆ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ಉಳಿದ ತಿಂಗಳು ಎಷ್ಟು ಅಂತ ನೋಡಿ.

ಮೂರನೇ_ಮಹಡಿ:
ಟಾಪ್-ಅಪ್ ಬಗ್ಗೆ ಯಾರೂ ಹೇಳಲಿಲ್ಲ. ಡೌನ್ ಪೇಮೆಂಟೂ ಸಾಲ, ಉಳಿದದ್ದೂ ಸಾಲ ಅಂದರೆ ಎರಡನೇ ಮನೆಯಲ್ಲಿ ನಿಮ್ಮ ಸ್ವಂತ ದುಡ್ಡು ಸೊನ್ನೆ. ಅದರ ಬಾಡಿಗೆ ಎರಡು ಕಂತು ಹೊರಬೇಕು. ಅದು ಖಾಲಿ ಬಿದ್ದರೆ ಮೊದಲನೆಯದರ ಬಾಡಿಗೆಯನ್ನೂ ಎಳೆದುಕೊಳ್ಳುತ್ತದೆ, ಕಂತು ತಪ್ಪಿದರೆ ಅಡವಿರುವ ಮೊದಲ ಮನೆಗೂ ಕುತ್ತು.

ಸಾಲ ಕೊಡುವವರು ಹಾಕುವ ಲೆಕ್ಕ ನೀವೂ ಹಾಕಿ. ಖರ್ಚು ಕಳೆದ ಬಾಡಿಗೆಯನ್ನು ಕಂತಿನಿಂದ ಭಾಗಿಸಿ. ಸಾಮಾನ್ಯವಾಗಿ 1.2, 1.25 ಕೇಳುತ್ತಾರೆ. ಮೇಲಿನ ಲೆಕ್ಕದಲ್ಲಿ ಒಂದು ತಿಂಗಳು ಖಾಲಿ ಬಿಟ್ಟು ಬಂದ ಬಾಡಿಗೆ 1100, ಖರ್ಚು 150 ಅಂತಿಟ್ಟರೆ 950 ಭಾಗಿಸು 960, ಅಂದರೆ 1 ಕೂಡ ಇಲ್ಲ. ಈ ಸ್ಥಿತಿಯಲ್ಲಿ ಇನ್ನೊಂದು ಮನೆ ಬೇಡವೇ ಬೇಡ.

ಹೊಸ_ಓನರ್:
ಓಹೋ, ಈಗ ಅರ್ಥ ಆಯ್ತು, ಥ್ಯಾಂಕ್ಸ್. ಬಾಡಿಗೆದಾರರ ಡಿಪಾಸಿಟ್ ನನ್ನ ಹತ್ತಿರವೇ ಇದೆ. ಅದನ್ನು ಅಸಲಿಗೆ ಕಟ್ಟಿಬಿಡಲಾ? ಬಡ್ಡಿಯಾದರೂ ಉಳಿಯುತ್ತದೆ.

ಲೆಕ್ಕದ_ಪುಸ್ತಕ:
ದಯವಿಟ್ಟು ಬೇಡ. ಅದು ಅವರ ದುಡ್ಡು, ಖಾಲಿ ಮಾಡುವ ದಿನ ವಾಪಸ್ ಕೊಡಬೇಕು. ಅದನ್ನು ಬೇರೆ ಇಡಿ. ಬಾಡಿಗೆಗೇ ಅಂತ ಇನ್ನೊಂದು ಖಾತೆ ತೆರೆದು, ಕಂತು, ಖರ್ಚು ಎಲ್ಲಾ ಅಲ್ಲಿಂದಲೇ ಹೋಗಲಿ. ಆರು ತಿಂಗಳ ಕಂತಿನಷ್ಟು ಅಲ್ಲಿ ಸೇರುವವರೆಗೆ ಸಂಬಳದಿಂದ ಹಾಕುವುದು ಹಾಕುತ್ತಿರಿ. ಆಮೇಲೆ ಮಿಕ್ಕಿದ್ದನ್ನು ಅಸಲಿಗೆ ಕಟ್ಟಿ. ಮತ್ತೆ ಕರಾರು ಮುಗಿಯುವ ಎರಡು ತಿಂಗಳು ಮೊದಲೇ ಇರುತ್ತೀರಾ ಬಿಡುತ್ತೀರಾ ಅಂತ ಕೇಳಿಬಿಡಿ. ಒಳ್ಳೆ ಬಾಡಿಗೆದಾರರಾದರೆ ಬಾಡಿಗೆ ಜಾಸ್ತಿ ಏರಿಸಲು ಹೋಗಬೇಡಿ. ಶೇ 5 ಏರಿಸಿದರೆ ವರ್ಷಕ್ಕೆ 60 ಸಿಗುತ್ತದೆ, ಅವರು ಬಿಟ್ಟು ಮನೆ ಒಂದು ತಿಂಗಳು ಖಾಲಿ ಬಿದ್ದರೆ 100 ಹೋಗುತ್ತದೆ.