ಮಂಡಿ ಆಪರೇಷನ್ ಆದವರಿಗೆ ವಿಮಾನದಲ್ಲಿ ಸೀಟು: ಕೇಳಿದವರು, ಕೊಟ್ಟವರು, ಕೊಡದವರು

ಪ್ರಶ್ನೆ: ಅಪ್ಪನಿಗೆ ಎಡಮಂಡಿ ಆಪರೇಷನ್ ಆಗಿದೆ, ಕಾಲು ಪೂರ್ತಿ ಮಡಚೋಕಾಗಲ್ಲ. ಮುಂದಿನ ತಿಂಗಳು ಬೆಂಗಳೂರಿಂದ ದೆಹಲಿಗೆ ಅಕ್ಕನ ಮನೆಗೆ ಕರ್ಕೊಂಡು ಹೋಗ್ಬೇಕು. ವೀಲ್‌ಚೇರ್ ಹೇಳಿದೀನಿ. ಸೀಟು ಮಾತ್ರ ಇಬ್ಬರಿಗೂ ಮಧ್ಯದ್ದು, ಅದೂ ಬೇರೆ ಬೇರೆ ಸಾಲು. ಒಳಗೆ ಹೋದ್ಮೇಲೆ ಯಾರನ್ನಾದ್ರೂ ಕೇಳಿದ್ರೆ ಬಿಟ್ಟುಕೊಡ್ತಾರಾ? ಕೇಳೋಕೇ ಮುಜುಗರ. ಕೇಳಿದವರು, ಬಿಟ್ಟುಕೊಟ್ಟವರು ಇಬ್ಬರೂ ಹೇಳಿ.

ಜಯನಗರದಿಂದ: ನಮ್ಮತ್ತೆಗೆ ಎರಡೂ ಮಂಡಿ ಆಗಿದೆ, ಕರ್ಕೊಂಡು ಓಡಾಡೋಳು ನಾನೇ. ಮೊದಲು ಯಾವ ಐಲ್ ಸೀಟು (ನಡುವಿನ ದಾರಿ ಪಕ್ಕದ್ದು) ಬೇಕು ಅಂತ ತೀರ್ಮಾನ ಮಾಡ್ಕೊಳ್ಳಿ. ದೆಹಲಿಗೆ ಹೋಗೋವು ಹೆಚ್ಚಾಗಿ ಮೂರು-ಮೂರು ಸೀಟಿನ ವಿಮಾನ: ಎ ಬಿ ಸಿ, ದಾರಿ, ಡಿ ಇ ಎಫ್. ಸಿ ಸೀಟಲ್ಲಿ ಕೂತರೆ ದಾರಿ ಬಲಕ್ಕೆ ಬರತ್ತೆ, ಡಿ ಸೀಟಲ್ಲಿ ಎಡಕ್ಕೆ. ನಿಮ್ಮಪ್ಪಂದು ಎಡಗಾಲು, ಅಂದ್ರೆ ಡಿ ಸೀಟೇ ಬೇಕು. ಪಾಪ ಅಂತ ಯಾರೋ ಸಿ ಬಿಟ್ಟುಕೊಟ್ರೂ ಕಾಲು ಪಕ್ಕದವರ ಮೊಣಕಾಲಿಗೇ ತಾಗೋದು.

ಎರಡನೇದು, ಸಹಪ್ರಯಾಣಿಕರನ್ನ ಕೇಳೋದು ಕೊನೇ ದಾರಿ. ಈಗಲೇ ಕಾಲ್ ಸೆಂಟರ್‌ಗೆ ಪಿಎನ್‌ಆರ್ ಕೊಟ್ಟು ಹೇಳಿ. ಆಗ್ಲಿಲ್ಲ ಅಂದ್ರೆ ಆ ದಿನ ಬೇಗ ಹೋಗಿ ಚೆಕ್-ಇನ್ ಕೌಂಟರ್‌ನಲ್ಲಿ ಡಿಸ್ಚಾರ್ಜ್ ಸಮ್ಮರಿ ತೋರಿಸಿ ಕೇಳಿ. ಮೊಬೈಲ್‌ನಲ್ಲಿ ಖಾಲಿ ಕಾಣದ ಸೀಟು ಅಲ್ಲಿ ಸಿಕ್ಕಿದ್ದುಂಟು. ಅದೂ ಆಗದಿದ್ರೆ, ವೀಲ್‌ಚೇರ್‌ನವರನ್ನ ಸಾಮಾನ್ಯವಾಗಿ ಮೊದಲೇ ಹತ್ತಿಸ್ತಾರಲ್ಲ, ಆವಾಗಲೇ ಗಗನಸಖಿಗೆ ಹೇಳಿ. ಒಬ್ಬರು ಬ್ಯಾಗ್ ಮೇಲಿಟ್ಟು, ಬೆಲ್ಟ್ ಹಾಕ್ಕೊಂಡು, ಕಣ್ಣುಮುಚ್ಚಿದ ಮೇಲೆ ಎಬ್ಬಿಸಿದ್ರೆ ಯಾರಿಗಾದ್ರೂ ಸಿಟ್ಟು ಬರತ್ತೆ. ಹಾಗಂತ ಅವರು ಬರೋಕೆ ಮುಂಚೆ ಅವರ ಸೀಟಲ್ಲಿ ಅಪ್ಪನ್ನ ಕೂರಿಸಿಬಿಡಬೇಡಿ! ಅದಕ್ಕೆ ಆಗೋ ಜಗಳಾನ ಕಣ್ಣಾರೆ ನೋಡಿದೀನಿ.

ಬಿಟ್ಟುಕೊಟ್ಟವನು: ಇದೇ ದೆಹಲಿ ದಾರಿಯಲ್ಲಿ ಐಲ್ ಬಿಟ್ಟು ಮಧ್ಯಕ್ಕೆ ಹೋಗಿದೀನಿ. ‘ಈ ಕಾಲು ಮಡಚಕ್ಕಾಗಲ್ಲ, ನಿಮ್ಮ ಸೀಟಾದ್ರೆ ದಾರಿ ಕಡೆಗೆ ಚಾಚಬಹುದು’ ಅಂದ್ರು, ಅಷ್ಟೇ. ತಕ್ಷಣ ಎದ್ದೆ. ‘ನಾವು ಫ್ಯಾಮಿಲಿ, ಒಟ್ಟಿಗೆ ಕೂರಬೇಕು’ ಅಂದವರಿಗೆ ಎದ್ದಿಲ್ಲ. ಎರಡೂವರೆ, ಮೂರು ಗಂಟೆ ಆದ್ರೆ ಸರಿ. ರಾತ್ರಿಯಿಡೀ ಹಾರೋ ವಿಮಾನದಲ್ಲಿ ನನ್ನ ಸೊಂಟಾನೂ ನೋಡ್ಕೋಬೇಕು, ಅಲ್ಲಿ ಇನ್ನೊಂದು ಐಲ್ ಕೊಟ್ರೆ ಮಾತ್ರ ಒಪ್ತೀನಿ. ನೀವು ಕೈಯಲ್ಲಿ ಮಧ್ಯದ ಸೀಟು ಇಟ್ಕೊಂಡು ಕೇಳ್ತಿದೀರಿ. ಕನಿಷ್ಠ ನಿಮ್ಮದೊಂದನ್ನಾದ್ರೂ ದುಡ್ಡು ಕೊಟ್ಟು ಸಿ ಮಾಡ್ಕೊಳ್ಳಿ, ಎದುರಿನ ಡಿ ಅವರಿಗೆ ಕೊಡೋಕೆ ಏನಾದ್ರೂ ಇರತ್ತೆ.

ಹೆಸರು ಬೇಡ: ನಾನು ಕೊಡದವನು. ವಯಸ್ಸು ಚಿಕ್ಕದು, ನೋಡೋಕೆ ಗಟ್ಟಿಮುಟ್ಟು. ಕರುಳಿನ ಕಾಯಿಲೆ ಇದೆ, ಟಾಯ್ಲೆಟ್‌ಗೆ ಯಾವಾಗ ಏಳಬೇಕೋ ಗೊತ್ತಿರಲ್ಲ. ಅದಕ್ಕೇ ಹಿಂದಿನ ಐಲ್ ತಗೊಳ್ಳೋದು. ‘ಆಗಲ್ಲ ಸರ್’ ಅಂದಾಗ ಸುತ್ತಲಿನವರು ನೋಡೋ ನೋಟ ಇದೆಯಲ್ಲ... ಇಡೀ ಸಾಲಿನ ಮುಂದೆ ನನ್ನ ಹೊಟ್ಟೆ ಪುರಾಣ ಬಿಚ್ಚಬೇಕಾ? ಕೆಂಪೇಗೌಡ ನಿಲ್ದಾಣದಲ್ಲಿ ಇಂಥವರಿಗೆ ಸೂರ್ಯಕಾಂತಿ ಚಿತ್ರದ ಲ್ಯಾನ್‌ಯಾರ್ಡ್ (ಕತ್ತಿಗೆ ಹಾಕೋ ಪಟ್ಟಿ) ಕೊಡ್ತಾರೆ. ಸಿಬ್ಬಂದಿಗೆ ಅರ್ಥ ಆಗತ್ತೆ, ಪಕ್ಕದ ಸೀಟಿನವರಿಗೆ ಆಗಲ್ಲ. ಕೇಳಿ, ತಪ್ಪೇನಿಲ್ಲ. ಇಲ್ಲ ಅಂದ್ರೆ ಕಾರಣ ಕೇಳಬೇಡಿ.

ಹಿಂದೆ ಕ್ಯಾಬಿನ್ ಕ್ರೂ ಆಗಿದ್ದೆ: ಸೀಟು ಬಿಟ್ಟುಕೊಡಿ ಅಂತ ನಾವು ವಿನಂತಿ ಮಾಡಬಹುದು. ಸುರಕ್ಷತೆ ವಿಷಯವಾದ್ರೆ ಮಾತ್ರ ಏಳಿಸ್ತೀವಿ. ಎಕ್ಸಿಟ್ ಸಾಲಲ್ಲಿ ಜಾಗ ಇದೆ, ಅಲ್ಲಿ ಕೂರಿಸಿ ಅಂತ ಎಷ್ಟೋ ಜನ ಕೇಳೋರು. ಅಲ್ಲಿ ಕೂತವರು ತುರ್ತಿನಲ್ಲಿ ಬಾಗಿಲು ತೆಗೀಬೇಕು, ಹಾಗಾಗಿ ಕಾಲು ನೋವಿರೋರನ್ನ ಕೂರಿಸೋ ಹಾಗೇ ಇಲ್ಲ. ಮೊದಲ ಸಾಲೂ ಅಂದುಕೊಂಡಷ್ಟು ಒಳ್ಳೇದಲ್ಲ. ಎದುರಿಗೆ ಗೋಡೆ, ಊಟದ ಟ್ರೇ ಕೈಯೊರಗಿನ ಒಳಗಿರತ್ತೆ, ಆ ಕೈಯೊರಗು ಮೇಲೇಳಲ್ಲ. ಬೇರೆ ಸಾಲುಗಳಲ್ಲಿ ದಾರಿ ಕಡೆಯ ಕೈಯೊರಗಿನ ಕೆಳಗೆ, ಹಿಂಬದಿ ಬುಡದಲ್ಲಿ, ಒಂದು ಗುಂಡಿ ಇರಬಹುದು. ಒತ್ತಿದ್ರೆ ಅದು ಮೇಲೇಳತ್ತೆ, ಪಕ್ಕದಿಂದ ಜಾರಿ ಕೂರಬಹುದು. ಬೇಗ ಇಳೀಬಹುದು ಅಂತ ಮುಂದಿನ ಸೀಟಿಗೆ ಹಟ ಮಾಡಬೇಡಿ, ವೀಲ್‌ಚೇರ್‌ನವರು ಇಳಿಯೋದು ಕೊನೆಗೇ. ಇನ್ನೊಂದು, ಕಾಲಿಗೆ ಹೊಸದಾಗಿ ಪ್ಲಾಸ್ಟರ್ ಹಾಕಿದ್ರೆ 48 ಗಂಟೆ ಒಳಗೆ ಹಾಗೇ ಹಾರಬಾರದು, ಒಳಗೆ ಊದಿಕೊಳ್ಳತ್ತೆ. ಉದ್ದಕ್ಕೆ ಸೀಳಿಸಿರಬೇಕು. ಇದು ನಿಮ್ಮಪ್ಪನಿಗಲ್ಲ, ಓದೋ ಬೇರೆಯವರಿಗೆ.

ಹುಬ್ಬಳ್ಳಿಯಿಂದ: ಸಣ್ಣ ಎಟಿಆರ್ ವಿಮಾನ ಆದ್ರ ಈ ಲೆಕ್ಕ ಉಲ್ಟಾ ಆಗ್ತೈತ್ರಿ. ಎರಡು-ಎರಡು ಸೀಟು, ನಡುವಿನ ಸೀಟ ಇಲ್ಲ. ಹತ್ತೂದು ಹಿಂದಿನ ಬಾಗಲದಿಂದ. ಅವ್ವಗ ಅನುಕೂಲ ಆಗ್ಲಿ ಅಂತ ಮುಂದಿನ ಸೀಟಿಗೆ ರೊಕ್ಕ ಕೊಟ್ರ ಪಾಪ ಇಡೀ ವಿಮಾನ ದಾಟಿ ಹೋಗಬೇಕು. ತೂಕದ ಲೆಕ್ಕಾನೂ ಇರ್ತೈತಿ, ಕೇಳದ ನೀವ ನೀವ ಜಾಗಾ ಬದಲಿ ಮಾಡ್ಕೋಬ್ಯಾಡ್ರಿ.

ನ್ಯೂಜೆರ್ಸಿಯಿಂದ: ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಬರೋ ಅಪ್ಪ-ಅಮ್ಮಂದಿರು ಇದನ್ನ ತಿಳ್ಕೊಂಡಿರಿ. ಇಲ್ಲಿಗೆ ಬಂದುಹೋಗೋ ವಿಮಾನಕ್ಕೆ, ಏರ್‌ಲೈನ್ ಬೇರೆ ದೇಶದ್ದಾದ್ರೂ, 1986ರ ಏರ್ ಕ್ಯಾರಿಯರ್ ಆಕ್ಸೆಸ್ ಆಕ್ಟ್ ಅನ್ವಯಿಸತ್ತೆ. ಕಾಲು ಮಡಚಲಾಗದವರು ಮುಂಚೇನೇ ತಿಳಿಸಿದ್ರೆ, ಅದೇ ದರ್ಜೆಯಲ್ಲಿ ಹೆಚ್ಚು ಜಾಗದ ಸೀಟನ್ನ, ಯಾವ ಕಾಲೋ ಆ ಕಡೆಗೆ ದಾರಿ ಇರೋ ಹಾಗೆ ಕೊಡಬೇಕು. ಅದಕ್ಕೆ ಬೇರೆ ಶುಲ್ಕ ಇಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕಾಲ್ ಸೆಂಟರ್‌ನಲ್ಲಿ ಅಪ್ಪನಿಗೆ ಡಿ, ನನಗೆ ಪಕ್ಕದ ಇ ಮಾಡಿಕೊಟ್ರು. ಅಪ್ಪಂದಕ್ಕೆ ತಗೊಳ್ಲಿಲ್ಲ, ನನ್ನದಕ್ಕೆ ದುಡ್ಡು ತಗೊಂಡ್ರು. ಈಗ ಕಿಟಕಿಯವರು ಎದ್ದಾಗೆಲ್ಲ ಅಪ್ಪಾನೂ ಏಳಬೇಕಲ್ವಾ?

ಹಿಂದೆ ಕ್ಯಾಬಿನ್ ಕ್ರೂ ಆಗಿದ್ದೆ: ಹೌದು, ಏಳಲೇಬೇಕು. ಎಫ್ ಸೀಟಿನವರು ಬಂದ ಕೂಡಲೇ ಹೇಳಿಬಿಡಿ. ಪದೇ ಪದೇ ಏಳೋರಾದ್ರೆ ಅವರೇ ಬೇರೆ ಸೀಟು ಕೇಳ್ತಾರೆ, ಖಾಲಿ ಇದ್ರೆ ಕ್ರೂ ಕಳಿಸ್ತಾರೆ. ಮತ್ತೆ ಊಟದ ಟ್ರಾಲಿ ಹೊರಟಾಗ ಅಪ್ಪನ ಕಾಲು ಒಳಗಿರಲಿ. ಮಲಗಿದ್ರೆ ನೀವೇ ಎಚ್ಚರಿಸಿ. ಟ್ರಾಲಿ ತಳ್ಳೋರಿಗೆ ಕೆಳಗೆ ಚಾಚಿರೋ ಪಾದ ಕಾಣಿಸಲ್ಲ.