ಮಿಷಿಗನ್ ಕಿರೀಟವೂ ಗೃಹಪ್ರವೇಶದ ಅಂಗಿಯೂ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ 2025ರ ಆಗಸ್ಟ್‌ನಲ್ಲಿ ನಡೆದ ಮಾತುಕತೆ ಇದು. ಗುಂಪಿನಲ್ಲಿ ಪೂರ್ತಿ ವಾಕ್ಯಗಳನ್ನೇ ಬರೆಯಬೇಕೆಂಬುದು ನಿವೃತ್ತ ಉಪಾಧ್ಯಾಯರಾದ ದೊಡ್ಡಪ್ಪನವರ ಕಟ್ಟಪ್ಪಣೆ. ಹಾಗಾಗಿ ನಮ್ಮವರ ಜಗಳಕ್ಕೂ ವ್ಯಾಕರಣವಿದೆ. ಈ ಸಲದ ಜಗಳ ಅಮೆರಿಕದ ಕಾಲೇಜು ತಂಡಗಳು ಆಡುವ ಅಮೆರಿಕನ್ ಫುಟ್‌ಬಾಲ್ ಕುರಿತದ್ದು: ಕೊಲಂಬಸ್ ಭಾವ ಒಹಾಯೋ ಸ್ಟೇಟ್ ತಂಡದ ಅಭಿಮಾನಿ, ಆನ್ ಆರ್ಬರ್ ಅಕ್ಕ ಅದರ ಎದುರಾಳಿ ಮಿಷಿಗನ್ ತಂಡದ ಅಭಿಮಾನಿ.

ಕೊಲಂಬಸ್ ಭಾವ (ಫಾರ್ವರ್ಡ್): ಮಿಷಿಗನ್ ವಿಶ್ವವಿದ್ಯಾಲಯವು 2024ರ ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ತಂಡವನ್ನು 34–13ರಿಂದ ಸೋಲಿಸಿ ಗೆದ್ದ ರಾಷ್ಟ್ರೀಯ ಫುಟ್‌ಬಾಲ್ ಪ್ರಶಸ್ತಿ ರದ್ದು! ಮೋಸಕ್ಕೆ ತಕ್ಕ ಶಾಸ್ತಿ! ಹೀಗಾಗಬೇಕೆಂದು ಅಭಿಮಾನಿಗಳ ಒತ್ತಾಯ.

ಕೊಲಂಬಸ್ ಭಾವ: ನಾನು ಅಂದೇ ಹೇಳಿದ್ದೆ, ಯಾರೂ ಕಿವಿಗೊಡಲಿಲ್ಲ.

ದೊಡ್ಡಪ್ಪ: ಅಳಿಯಂದಿರೇ, ಬಹಳ ಒಳ್ಳೆಯ ಸುದ್ದಿ. ಅಡ್ಡದಾರಿಯಲ್ಲಿ ಬಂದ ಬಹುಮಾನ ಮನೆಯಲ್ಲಿ ನಿಲ್ಲುವುದಿಲ್ಲವೆಂದು ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಇದನ್ನು ನಮ್ಮ ನಿವೃತ್ತ ಉಪಾಧ್ಯಾಯರ ಗುಂಪಿಗೂ ಆಗಲೇ ಕಳುಹಿಸಿದ್ದೇನೆ.

ನಾನು: ಭಾವ, ಇದರ ಮೂಲ ಯಾವುದು? ಕೊನೆಯ ಸಾಲನ್ನು ದಯವಿಟ್ಟು ಓದಿ. ರದ್ದಾಗಬೇಕೆಂಬುದು ಅಭಿಮಾನಿಗಳ ಒತ್ತಾಯವೇ ಹೊರತು ರದ್ದಾಗಿದೆ ಎಂಬ ಸುದ್ದಿಯಲ್ಲ.

ಕೊಲಂಬಸ್ ಭಾವ: ನಿನಗೆ ಎಲ್ಲದಕ್ಕೂ ಮೂಲವೇ ಬೇಕು. ಆ ತಂಡದ ಸಿಬ್ಬಂದಿ ಕಾನರ್ ಸ್ಟಾಲಿಯನ್ಸ್ ಎದುರಾಳಿಗಳ ಪಂದ್ಯಗಳಿಗೆ ಟಿಕೆಟ್ ಕೊಂಡು, ಜನರನ್ನು ಕಳುಹಿಸಿ, ಮುಂದೆ ಏನು ಆಡಬೇಕೆಂದು ಆಟಗಾರರಿಗೆ ತಿಳಿಸುವ ಕೋಚ್‌ಗಳ ಕೈಸನ್ನೆಗಳನ್ನು ಫೋನಿನಲ್ಲಿ ಚಿತ್ರೀಕರಿಸಿಕೊಂಡದ್ದೂ ಸುಳ್ಳೇ?

ಆನ್ ಆರ್ಬರ್ ಅಕ್ಕ: ಅದು ಸುಳ್ಳೆಂದು ಯಾರೂ ಹೇಳಿಲ್ಲ, ಭಾವ. ಪಂದ್ಯ ನಡೆಯುವಾಗ ಎದುರಾಳಿಯ ಸನ್ನೆಯನ್ನು ಕಣ್ಣಿನಿಂದ ನೋಡಿ ಊಹಿಸುವುದಕ್ಕೆ ನಿಯಮದ ಅಡ್ಡಿಯಿಲ್ಲ. ಮುಂದೆ ಎದುರಾಗಲಿರುವ ತಂಡದ ಪಂದ್ಯಕ್ಕೆ ಮುಂಚಿತವಾಗಿಯೇ ಜನರನ್ನು ಕಳುಹಿಸಿ ಬೇಹು ನಡೆಸುವುದು ತಪ್ಪು. ಸ್ಟಾಲಿಯನ್ಸ್ 2023ರ ನವೆಂಬರ್ ಆರಂಭದಲ್ಲಿಯೇ ರಾಜೀನಾಮೆ ಕೊಟ್ಟರು. ಆಮೇಲೆ ನಾವು ಪೆನ್ ಸ್ಟೇಟ್, ನಿಮ್ಮ ಒಹಾಯೋ ಸ್ಟೇಟ್, ಅಲಬಾಮಾ, ವಾಷಿಂಗ್ಟನ್ ತಂಡಗಳನ್ನೆಲ್ಲ ಗೆದ್ದೆವು. ಆಗ ಯಾರ ಸನ್ನೆ ಕದ್ದಿದ್ದೆವು?

ಕೊಲಂಬಸ್ ಭಾವ: ಅಷ್ಟರಲ್ಲಿ ಕದ್ದದ್ದು ಸಾಕಾಗಿತ್ತು.

ತಿಪಟೂರು ಚಿಕ್ಕಪ್ಪ: ಸನ್ನೆ ಎಂದಾಗ ನೆನಪಾಯಿತು. ನಮ್ಮ ಹೈಸ್ಕೂಲಿನ ವಾಲಿಬಾಲ್ ತಂಡದಲ್ಲಿ ನಾಯಕನು ಬೆನ್ನ ಹಿಂದೆ ಬೆರಳು ತೋರಿಸುತ್ತಿದ್ದ. ಎದುರು ಶಾಲೆಯ ಹುಡುಗನೊಬ್ಬ ನಮ್ಮ ಕಡೆಯ ತೆಂಗಿನ ಮರ ಹತ್ತಿ ಅದನ್ನು ನೋಡಿ ಕೂಗಿ ಹೇಳುತ್ತಿದ್ದ. ಅಣ್ಣ, ಆ ಪಂದ್ಯಕ್ಕೆ ನೀನೇ ಅಂಪೈರ್ ಆಗಿದ್ದೆ, ಜ್ಞಾಪಕವಿದೆಯೇ?

ದೊಡ್ಡಪ್ಪ: ಮರ ಹತ್ತಬಾರದೆಂಬ ನಿಯಮ ಆಗ ಇರಲಿಲ್ಲ. ಆ ವಿಷಯ ಈಗ ಬೇಡ.

ನಾನು: ಚಿಕ್ಕಪ್ಪನವರ ಕಥೆ ಮುಂದುವರಿಯುವ ಮೊದಲು ಒಂದು ಮಾತು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ತೀರ್ಪು ಆಗಸ್ಟ್ 15ರಂದು ಬಂದಿದೆ. ಫುಟ್‌ಬಾಲ್ ಆಯವ್ಯಯದ ಶೇಕಡಾ 10 ಮತ್ತು ಎರಡು ಋತುಗಳ ಪೋಸ್ಟ್‌ಸೀಸನ್ (ಋತುವಿನ ಕೊನೆಯ ವಿಶೇಷ ಪಂದ್ಯಗಳ) ಆದಾಯಕ್ಕೆ ಸಮನಾದ ಮೊತ್ತ ಸೇರಿದಂತೆ ಭಾರೀ ದಂಡ ವಿಧಿಸಿದ್ದಾರೆ. ಆಗಿನ ಕೋಚ್ ಜಿಮ್ ಹಾರ್ಬಾ ಅವರಿಗೆ 10 ವರ್ಷ, ಸ್ಟಾಲಿಯನ್ಸ್ ಅವರಿಗೆ 8 ವರ್ಷ ಕಾಲೇಜು ಆಟದಲ್ಲಿ ಕೆಲಸ ಸಿಗುವುದೇ ಕಷ್ಟವಾಗುವಂಥ ನಿರ್ಬಂಧವನ್ನೂ ಹಾಕಿದ್ದಾರೆ. ಗೆಲುವುಗಳನ್ನು ಮಾತ್ರ ಅಳಿಸಿಲ್ಲ. ಅಲ್ಲದೆ ಈ ಮಟ್ಟದ ರಾಷ್ಟ್ರೀಯ ಪ್ರಶಸ್ತಿಯನ್ನು ಕೊಡುವುದು ಎನ್‌ಸಿಎಎ ಅಲ್ಲ, ಕಾಲೇಜ್ ಫುಟ್‌ಬಾಲ್ ಪ್ಲೇಆಫ್ ಎಂಬ ಬೇರೆಯೇ ವ್ಯವಸ್ಥೆ. ಸದರ್ನ್ ಕ್ಯಾಲಿಫೋರ್ನಿಯಾ ತಂಡದ 2004ರ ಪ್ರಶಸ್ತಿಯನ್ನು 2011ರಲ್ಲಿ ಹಿಂಪಡೆದದ್ದೂ ಆಗ ಪ್ರಶಸ್ತಿ ಕೊಡುತ್ತಿದ್ದ ಬಿಸಿಎಸ್.

ಇದನ್ನು ಯಾರೂ ಓದಲಿಲ್ಲವೆಂದು ನನ್ನ ಅನುಮಾನ. ಮುಂದಿನ ಸಂದೇಶ ಅರ್ಧ ನಿಮಿಷದೊಳಗೆ ಬಂದಿತ್ತು.

ಕೊಲಂಬಸ್ ಭಾವ: ಪ್ರಶಸ್ತಿಯ ಮಾತು ಹಾಗಿರಲಿ. 2023ರ ನವೆಂಬರ್ 25ರಂದು ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಮಿಷಿಗನ್ ತಂಡದ ಹಳದಿ-ನೀಲಿ ಅಂಗಿ ತೊಟ್ಟು ಬಂದು, ಸತ್ಯನಾರಾಯಣ ಪೂಜೆಯ ಕಥೆ ನಡೆಯುತ್ತಿರುವಾಗಲೇ ಒಳಕೋಣೆಯಲ್ಲಿ ಟೀವಿ ಹಾಕಿ, ನಮ್ಮವರ ವಿರುದ್ಧ 30–24ರ ಗೆಲುವೆಂದು ಕೂಗಿದವರು ಯಾರು? ಪುರೋಹಿತರು ಮಂತ್ರ ನಿಲ್ಲಿಸಿ ನನ್ನ ಮುಖ ನೋಡಿದರು.

ಆನ್ ಆರ್ಬರ್ ಅಕ್ಕ: ವರ್ಷವಿಡೀ ಕಾಯುವ ಪಂದ್ಯದ ದಿನವೇ ಮುಹೂರ್ತ ಇಟ್ಟವರು ನೀವು. ಪ್ರಸಾದ ತೆಗೆದುಕೊಂಡೇ ಹೋದೆವು. ಹಾಗೆ ನೋಡಿದರೆ, ಈ ವರ್ಷದ ಜನವರಿಯಲ್ಲಿ ನಿಮ್ಮವರು ನೊಟ್ರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದಾಗ ಅಭಿನಂದಿಸಿ ಮೊದಲು ಸಂದೇಶ ಕಳುಹಿಸಿದವಳು ನಾನು. ಅದೇ ಋತುವಿನಲ್ಲಿ ನಿಮ್ಮ ಊರಿನಲ್ಲೇ ನಮಗೆ 13–10ರಿಂದ ಸೋತಿದ್ದಿರಿ ಎಂಬುದನ್ನು ಅದರಲ್ಲಿ ನಾನು ಬರೆಯಲಿಲ್ಲ.

ಕೊಲಂಬಸ್ ಭಾವ: ಈಗ ಬರೆದೆಯಲ್ಲ.

ದೊಡ್ಡಪ್ಪ: ಇಬ್ಬರೂ ನಿಲ್ಲಿಸಿರಿ. ಸುದ್ದಿ ನಿಜವೋ ಸುಳ್ಳೋ, ಅದರ ನೀತಿಯಂತೂ ನಿಜ.

ನಾನು: ಹಾಗಾದರೆ ಉಪಾಧ್ಯಾಯರ ಗುಂಪಿಗೆ ಕಳುಹಿಸಿದ್ದನ್ನು ಅಳಿಸುವಿರಾ, ದೊಡ್ಡಪ್ಪ?

ದೊಡ್ಡಪ್ಪ: ಅಲ್ಲಿ ಹದಿನಾಲ್ಕು ಮಂದಿ ಕೈಮುಗಿದಿದ್ದಾರೆ. ಈಗ ಅಳಿಸಿದರೆ ಚೆನ್ನಾಗಿರುವುದಿಲ್ಲ.

ತಿಪಟೂರು ಚಿಕ್ಕಪ್ಪ: ಆ ಮರ ಹತ್ತಿದ ಹುಡುಗ ಈಗ ಎಲ್ಲಿದ್ದಾನೋ, ಯಾರಿಗಾದರೂ ಗೊತ್ತೇ?

ಕೊಲಂಬಸ್ ಭಾವ: ನವೆಂಬರ್ 29ರಂದು ಪಂದ್ಯ ಆನ್ ಆರ್ಬರ್‌ನಲ್ಲಿದೆ. ಈ ಸಲ ನಾವು ಆ ಕಡೆ ಬರುವುದಿಲ್ಲವೆಂದು ಈಗಲೇ ತಿಳಿಸುತ್ತಿದ್ದೇನೆ.

ಆನ್ ಆರ್ಬರ್ ಅಕ್ಕ: ಕರೆದವರು ಯಾರು, ಭಾವ?